ಎಡತುದಿಯ ಕೆಂಪು ಚುಕ್ಕೆ

ಜೇನುಮೇಣಕ್ಕೆ ಎರಡು ಹನಿ ಲವಂಗದೆಣ್ಣೆ ಬಿಟ್ಟು ಕಾಯಿಸಿದರೆ ಒಂದು ವಾಸನೆ ಬರುತ್ತದೆ. ಅದರ ಬೆನ್ನಿಗೇ ಸೋಲ್ಡರಿನ ರಾಳದ ಹೊಗೆ. ನನ್ನ ಬಾಲ್ಯ ಎಂದರೆ ಆ ವಾಸನೆ. ಅಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದರು. ಸೆಟ್ಟು ಸರಿಹೋದ ಮೇಲೆ ಒಳಗಿನ ತಿರುಪುಗಳು ಅಲುಗದಿರಲಿ ಎಂದು ಒಂದೊಂದು ತೊಟ್ಟು ಮೇಣ ಬಿಡುವುದು ಎಲ್ಲ ಮೇಸ್ತ್ರಿಗಳ ಪದ್ಧತಿ. ಲವಂಗದೆಣ್ಣೆ ಮಾತ್ರ ಅಪ್ಪನ ಸ್ವಂತ ಸೇರ್ಪಡೆ. ಮೇಣದ ಆಸೆಗೆ ಜಿರಲೆ ಒಳಗೆ ನುಗ್ಗುತ್ತದೆ, ಲವಂಗದ ಘಾಟಿದ್ದರೆ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಿದ್ದರು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಮ್ಮೆ ನನ್ನ ತೋಳು ಮೂಸಿ, "ನಿಮ್ಮನೇಲಿ ಎಲ್ಲಾರ್ಗೂ ಹಲ್ಲುನೋವಾ?" ಎಂದು ಕೇಳಿದ್ದಳು.

ಈಗ ನನಗೆ ಎಪ್ಪತ್ನಾಲ್ಕು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಹಳೆಯ ಶಾರ್ಟ್‌ವೇವ್ ರೇಡಿಯೊಗಳ ಹುಚ್ಚು ಹತ್ತಿತು. ಕೈಯಲ್ಲಿ ಹಿಡಿದು ಓಡಾಡುವಂಥವು, ಚರ್ಮದ ಚೀಲದವು, ಎಳೆದರೆ ಗಾಳದ ಕೋಲಿನಷ್ಟುದ್ದ ಬರುವ ಏರಿಯಲ್ಲಿನವು. ಗುಜರಿಯಲ್ಲಿ ಸಿಕ್ಕಿದ್ದು, ಯಾರೋ ಅಟ್ಟದಿಂದ ಇಳಿಸಿ ಕೊಟ್ಟಿದ್ದು, ಎಲ್ಲ ಸೇರಿ ಇಪ್ಪತ್ಮೂರು. "ಮನೇಲಿ ಒಟ್ಟು ಇಪ್ಪತ್ನಾಲ್ಕು ಹಳೇ ಸಾಮಾನು. ಒಂದು ಮಾತ್ರ ರಿಪೇರಿ ಆಗಲ್ಲ" ಎಂದು ನಮ್ಮ ಯಜಮಾನರು ತಮ್ಮ ಎದೆ ಮುಟ್ಟಿ ತೋರಿಸುತ್ತಾರೆ. ಅವರು ಅಂಚೆ ಇಲಾಖೆಯಲ್ಲಿದ್ದವರು. ಊಟದ ಮೇಜನ್ನು ನಾನು ಕಸಿದುಕೊಂಡಿದ್ದಕ್ಕೆ ಹನ್ನೆರಡು ವರ್ಷದಿಂದ ಗೊಣಗುತ್ತಿದ್ದಾರೆ. ಗೊಣಗುತ್ತಲೇ ದಿನಾ ಬೆಳಿಗ್ಗೆ ಮೇಜಿನ ಮೇಲೆ ಹೊಸ ಕಾಗದ ಹಾಸಿಡುತ್ತಾರೆ.

ಈ ಕೆಲಸದಲ್ಲಿ ನನ್ನದೊಂದು ಹಟವಿತ್ತು. ಸೆಟ್ಟು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಆಗಬೇಕು. ನಡುವೆ ಯಾರೋ ತೇಪೆ ಹಾಕಿದ್ದರೆ ಕಿತ್ತು ತೆಗೆಯಬೇಕು. ಕಿತ್ತಿದ್ದನ್ನು ಎಸೆಯದೆ ಒಂದು ತಗಡಿನ ಡಬ್ಬಿಗೆ ಹಾಕುತ್ತೇನೆ. ನಮ್ಮ ಯಜಮಾನರು ಅದಕ್ಕೆ ಪಿಂಚಣಿದಾರರ ಡಬ್ಬಿ ಎಂದು ಹೆಸರಿಟ್ಟಿದ್ದಾರೆ. ಯಾವ ತಿರುಪನ್ನು ಎಷ್ಟು ಸುತ್ತು ತಿರುಗಿಸಿದೆ ಎನ್ನುವುದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಲ್ಯಾಬಿನಲ್ಲಿ ಕಲಿತ ಅಭ್ಯಾಸ.

ಆ ದಿನ ಗಾಳಿ ಬೀಸತೊಡಗಿ ಮೂರನೆಯ ದಿನ. ನಾಲ್ಕು ಗಂಟೆಗೆ ಹತ್ತು ನಿಮಿಷವಿದ್ದಾಗ ಎದುರಿನ ಹೊಲಿಗೆ ಅಂಗಡಿಯ ಟೈಲರಮ್ಮ ಮೆಟ್ಟಿಲು ಹತ್ತಿ ಬಂದಳು. ಹೆಗಲಿಗೆ ಬಟ್ಟೆಯ ಚೀಲ, ಎದೆಗೆ ಟವಲಿನಲ್ಲಿ ಸುತ್ತಿದ ರೇಡಿಯೊ, ಎಳೆಗೂಸನ್ನು ಹಿಡಿದ ಹಾಗೆ. ನಾನೇ ಎರಡು ದಿನದ ಹಿಂದೆ ರಿಪೇರಿ ಮಾಡಿ ಕೊಟ್ಟಿದ್ದ ಸೆಟ್ಟು. ಅದಕ್ಕೆ ಬದಲಾಗಿ ಅವಳು ನಮ್ಮ ಕಿಟಕಿಗಳಿಗೆ ಪರದೆ ಹೊಲಿದುಕೊಟ್ಟಿದ್ದಳು.

"ಅಮ್ಮಾ, ಇದು ಮಾತಾಡ್ತಿಲ್ಲ."

ನಾನು ಸ್ವಿಚ್ ತಿರುಗಿಸಿದೆ. ಸ್ಫಟಿಕದಂಥ ದನಿ. ಒಂದು ಕಡೆ ವಾರ್ತೆ, ಇನ್ನೊಂದು ಕಡೆ ಪಿಟೀಲು, ಮತ್ತೂ ಬಲಕ್ಕೆ ಯಾವುದೋ ದೂರದ ಭಾಷೆ. "ಮಾತಾಡ್ತಿದೆಯಲ್ಲಮ್ಮಾ. ದೇಶದೇಶವೆಲ್ಲ ಕೇಳ್ತಿದೆ."

"ದೇಶ ಯಾರಿಗೆ ಬೇಕು ಅಮ್ಮಾ? ದೋಣಿ ಕೇಳ್ತಿಲ್ಲ."

ಅವಳ ಗಂಡ ಮೀನಿನ ದೋಣಿಯಲ್ಲಿ ಇಂಜಿನ್ ಡ್ರೈವರು ಎನ್ನುವುದು ನನಗೆ ಗೊತ್ತಿತ್ತು. ಉಳಿದದ್ದನ್ನು ಆಗ ಹೇಳಿದಳು. ಬಂದರು ಇಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ದಿನಾ ಸಂಜೆ ಆರಕ್ಕೆ ಬಂದರಿನ ಆಪರೇಟರು ವೈರ್‌ಲೆಸ್ಸಿನಲ್ಲಿ ದೋಣಿಗಳ ನಂಬರು ಒಂದೊಂದಾಗಿ ಕೂಗುತ್ತಾರೆ. ಕಡಲಲ್ಲಿರುವವರು ನಂಬರು ಹೇಳಿ, ಕ್ಷೇಮ ಅನ್ನುತ್ತಾರೆ. ಶಾಲೆಯ ಹಾಜರಿಯ ಹಾಗೆ. ದೋಣಿಯವರ ಮನೆಯ ಹೆಂಗಸರು ಇಂಥ ಸೆಟ್ಟು ಇಟ್ಟುಕೊಂಡು ಅದನ್ನು ಕೇಳುತ್ತಾರೆ. ಇದು ಅವಳ ಅತ್ತೆಯ ಕಾಲದ ಸೆಟ್ಟು.

"ಮೊನ್ನೆಯಿಂದ ಆರು ಗಂಟೆಗೆ ಬರೀ ಹಾಡು. ಗಾಳಿಗೆ ಹೀಗಾಗಿರ್ಬೇಕು ಅಂದ್ಕೊಂಡೆ. ನಿನ್ನೆ ಫೋನಿನ ಟವರೂ ಬಿತ್ತು. ಇವತ್ತು ಬೆಳಿಗ್ಗೆ ಬಸ್ಸಿನ ಕಂಡಕ್ಟರು ಹೇಳ್ದ, ಹತ್ತು ದೋಣಿ ಇನ್ನೂ ಬಂದಿಲ್ವಂತೆ." ಅವಳ ದನಿ ಗಟ್ಟಿಯಾಗಿಯೇ ಇತ್ತು, ಕೈ ಮಾತ್ರ ಟವಲನ್ನು ಮಡಿಸುತ್ತ ಬಿಚ್ಚುತ್ತ ಇತ್ತು. "ಆರೂವರೆಗೆ ಕೊನೇ ಬಸ್ಸು. ಆರಕ್ಕೆ ನಮ್ಮ ಇಪ್ಪತ್ತಾರನೇ ದೋಣಿ ಕ್ಷೇಮ ಅಂತ ಕೇಳಿದ್ರೆ ಮನೇಲಿರ್ತೀನಿ. ಇಲ್ದಿದ್ರೆ ಹೋಗ್ಬೇಕು. ಮನೆಯವರು ಹೋಗಿ ಬಾಗ್ಲು ಬಡಿದ್ರೇನೇ ಅಲ್ಲಿ ಹುಡುಕೋ ದೋಣಿ ಹೊರಡೋದು."

"ದಾರೀಲಿ ಮರ ಬೀಳ್ತಿವೆಯಂತಲ್ಲಮ್ಮಾ."

"ಅದಕ್ಕೇ ಅಮ್ಮಾ, ಗೊತ್ತಾಗ್ಬೇಕು." ಅವಳು ಡಯಲ್ಲಿನ ಗಾಜಿನ ಮೇಲೆ ಬೆರಳಿಟ್ಟಳು. "ಇಲ್ಲಿ ಎಡಗಡೆ ಒಂದು ಕೆಂಪು ಚುಕ್ಕೆ ಇತ್ತಲ್ಲಾ? ನೈಲ್ ಪಾಲಿಶಿಂದು. ನಮ್ಮೆಜಮಾನ್ರು ಇಟ್ಟಿದ್ದು. ಮುಳ್ಳನ್ನ ಅಲ್ಲಿ ತಂದು ನಿಲ್ಲಿಸಿದ್ರೆ ದೋಣಿ ಸಿಗ್ತಿತ್ತು."

ಆ ಚುಕ್ಕೆ ನನಗೆ ಚೆನ್ನಾಗಿ ನೆನಪಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಕಾಲು ಗಂಟೆ ಉಜ್ಜಿ ತೆಗೆದಿದ್ದೆ. ಗಾಜು ಹೊಸದರಂತಾಯಿತು ಎಂದು ನಮ್ಮ ಯಜಮಾನರನ್ನು ಕರೆದು ತೋರಿಸಿದ್ದೆ ಕೂಡ.

ಚುಕ್ಕೆ ಹೋಗಿದ್ದರೆ ಹೋಗಲಿ, ಹುಡುಕಿದರೆ ಜಾಗ ಸಿಗಬೇಕಲ್ಲ? ಈ ಸೆಟ್ಟಿನ ಒಳಗೆ ನಾನು ಇನ್ನೂ ಏನೋ ಮಾಡಿದ್ದೆ. ಹಿಂಬದಿಯ ಮುಚ್ಚಳದ ತಿರುಪು ಬಿಚ್ಚುತ್ತ, "ರೀ, ನೋಟ್‌ಬುಕ್ ಕೊಡಿ" ಎಂದೆ.

ನನಗೆ ಕೈ ಬಿಡುವಿರಲಿಲ್ಲ, ಯಜಮಾನರಿಗೆ ನನ್ನ ಅಕ್ಷರ ಓದಲು ಬರುವುದಿಲ್ಲ. ಟೈಲರಮ್ಮನೇ ಪುಟ ಹುಡುಕಿ ಓದಿದಳು. "ವಾಲ್ಯೂಮ್ ಶುಚಿ ಮಾಡಿದ್ದು... ಸೆಲ್ಲಿನ ಪಟ್ಟಿ ಬದಲಿಸಿದ್ದು... ಆಸಿಲೇಟರ್ ಕಾಯಿಲಿಗೆ ಅಡ್ಡಲಾಗಿ ಯಾರೋ ಕಂದು ಬಣ್ಣದ ಕೆಪಾಸಿಟರ್ ಸೇರಿಸಿದ್ದಾರೆ. ಕಂಪನಿಯದಲ್ಲ. ಕತ್ತರಿಸಿ ತೆಗೆದೆ. ತಿರುಪು ಬಲಕ್ಕೆ ಒಂದೂಮುಕ್ಕಾಲು ಸುತ್ತು. ಈಗ ಡಯಲ್ ಸರಿಯಾಗಿದೆ." ಒಂದು ಕ್ಷಣ ತಡೆದಳು. ನಾನು ಮುಂದಿನ ಸಾಲು ಮರೆತಿದ್ದೆ. ಅವಳು ಮರೆಮಾಚಲಿಲ್ಲ. "ಯಾವನೋ ಅರೆಬರೆ ಕಲಿತ ಮೇಸ್ತ್ರಿಯ ಕೆಲಸ."

ಗಾಳಿ ಅವಳೇ ಹೊಲಿದ ಪರದೆಯನ್ನು ಉಬ್ಬಿಸಿ ಬಿಟ್ಟಿತು.

ಈಗ ಎಲ್ಲ ಹಗಲಿನಷ್ಟು ಸ್ಪಷ್ಟವಾಗಿತ್ತು. ಕಂಪನಿಯವರ ಡಯಲ್ಲಿನಲ್ಲಿ ದೋಣಿಗಳ ಜಾಗವೇ ಇರಲಿಲ್ಲ. ಅದು ಎಡತುದಿಯಿಂದಾಚೆಗೆ ಬೀಳುತ್ತಿತ್ತು. ಯಾರೋ ತಿಳಿದವನು ಡಯಲ್ಲಿಗೆ ಜಾಗ ಗೊತ್ತುಮಾಡುವ ತಂತಿಸುರುಳಿಗೆ, ಅಂದರೆ ಕಾಯಿಲಿಗೆ, ಆ ಪುಟ್ಟ ತುಂಡನ್ನು ಬೆಸೆದು ಇಡೀ ಪಟ್ಟಿಯನ್ನು ಕೆಳಕ್ಕೆ ಎಳೆದು ದೋಣಿಗಳನ್ನು ಒಳಗೆ ತಂದಿದ್ದ. ಅದರಿಂದ ಉಳಿದ ಸ್ಟೇಷನ್ನುಗಳು ಬರೆದಿದ್ದ ಜಾಗದಲ್ಲಿ ಸಿಗುತ್ತಿರಲಿಲ್ಲ. ನಾನು ಅದನ್ನು ದೋಷ ಎಂದುಕೊಂಡೆ. ಡಯಲ್ಲಿನಲ್ಲಿ ಬರೆದಿದ್ದನ್ನೆಲ್ಲ ನಿಜ ಮಾಡಲು ಹೋಗಿ, ಆ ಮನೆಗೆ ಬೇಕಾಗಿದ್ದ ಒಂದೇ ಒಂದನ್ನು ಹೊರಗೆ ದಬ್ಬಿದ್ದೆ.

"ತಪ್ಪು ನಂದೇ ಕಣಮ್ಮಾ" ಎಂದೆ. "ಏನು ಕೇಳ್ತೀಯ ಇದರಲ್ಲಿ ಅಂತ ನಿನ್ನ ಒಂದ್ಮಾತು ಕೇಳ್ಬೇಕಿತ್ತು."

"ನಾನೂ ಹೇಳ್ಲಿಲ್ಲ" ಎಂದಳು ಅವಳು. "ರೇಡಿಯೊ ಅಲ್ವಾ, ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ. ಈಗ ಎಷ್ಟೊತ್ತಾಗುತ್ತೆ ಅಮ್ಮಾ?"

ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು.

ಪಿಂಚಣಿದಾರರ ಡಬ್ಬಿಯನ್ನು ಕಾಗದದ ಮೇಲೆ ಸುರಿದೆವು. ನೂರಾರು ತುಂಡುಗಳು. ಹುಣಸೆ ಬೀಜದಷ್ಟಿದ್ದ ಕಂದು ಬಣ್ಣದವನ್ನು ಆರಿಸಿದರೆ ಹನ್ನೊಂದು ಸಿಕ್ಕವು. ಮೇಲಿನ ಅಂಕಿಗಳು ಅಳಿಸಿಹೋಗಿದ್ದವು. ಗಾತ್ರ ಒಂದೇ ಆದರೂ ವಿದ್ಯುತ್ ಹಿಡಿಯುವ ಶಕ್ತಿಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ತಪ್ಪಾದದ್ದನ್ನು ಬೆಸೆದರೆ ದೋಣಿ ಇನ್ನೆಲ್ಲಿಗೋ ಹೋಗುತ್ತದೆ. ಒಂದೊಂದನ್ನೇ ಬೆಸೆದು ನೋಡಲು ಹೊತ್ತಿಲ್ಲ, ಆ ಹಳೆಯ ಕಾಯಿಲೂ ಅಷ್ಟು ಸಲ ಕಾವು ತಡೆಯುವುದಿಲ್ಲ.

ಒಂದಷ್ಟರ ಮೈಗೆ ಮೇಣ ಅಂಟಿತ್ತು. ಕಾಯಿಸಿದರೆ ಮೇಣ ಕರಗಿ ಅಂಕಿ ಏನಾದರೂ ಕಂಡೀತು ಎಂದು ಸೋಲ್ಡರಿಂಗ್ ಐರನ್ನು ಹಚ್ಚಿದೆ. ಅದು ಕಾಯುವಷ್ಟರಲ್ಲಿ ಕರೆಂಟು ಹೋಯಿತು.

"ಹೋಗ್ಲೇಬೇಕಿತ್ತು" ಎಂದರು ಯಜಮಾನರು. "ಪಾಪಿ ಸಮುದ್ರಕ್ಕೆ ಹೋದ್ರೆ ಮೊಣಕಾಲುದ್ದ ನೀರು." ಹೇಳುತ್ತಲೇ ಉದ್ದದ ವೈರಿನ ಸುರುಳಿ ಹುಡುಕಿ ತೆಗೆದು, ಕಿಟಕಿಯಿಂದ ಒಂದು ತುದಿಯನ್ನು ಕೆಳಗಿಳಿಸಿದರು. ನಮ್ಮ ಕೆಳಗೆ ಬೇಕರಿ. ಮಾಲೀಕನ ಹೆಸರು ಏನೇ ಇರಲಿ, ಬೀದಿಗೆಲ್ಲ ಅವನು ಬನ್ನಣ್ಣ. ಅವನ ಜನರೇಟರು ಆಗಲೇ ಗುಡುಗುಡು ಶುರುವಾಗಿತ್ತು.

"ಬನ್ನಣ್ಣಾ! ಒಂಚೂರು ಕರೆಂಟ್ ಸಾಲ ಕೊಡಪ್ಪಾ!"

"ಹೋದ್ಸಲ ತಗೊಂಡ ಏಣೀನೇ ಇನ್ನೂ ಬಂದಿಲ್ಲ ಸಾರ್!" ಎನ್ನುತ್ತಲೇ ಅವನು ವೈರನ್ನು ಸಿಕ್ಕಿಸಿದ.

ಐರನ್ನು ಕಾಯಿತು. ಒಂದೊಂದು ತುಂಡನ್ನೂ ಇಕ್ಕಳದಲ್ಲಿ ಹಿಡಿದು ಹತ್ತಿರ ಒಯ್ದೆ. ಮೊದಲನೆಯದರಲ್ಲಿ ಅಂಕಿ ಇಲ್ಲ. ಎರಡನೆಯದರಲ್ಲೂ ಇಲ್ಲ. ನಾಲ್ಕು, ಐದು. ಕಣ್ಣು ಮಂಜಾಗುತ್ತಿತ್ತು. ಟೈಲರಮ್ಮ ಟಾರ್ಚು ಹಿಡಿದು ನಿಂತಿದ್ದಳು, ಬೆಳಕು ಒಂದು ಸಲವೂ ಅಲುಗಲಿಲ್ಲ. ಏಳನೆಯದರ ಮೇಣ ಕರಗಿ ಹೊಗೆ ಎದ್ದಾಗ, ಪಕ್ಕದಲ್ಲಿ ನಿಂತಿದ್ದ ಯಜಮಾನರು ಮೂಗು ಅರಳಿಸಿದರು.

"ಏನೇ ಇದು, ಹಲ್ಲುನೋವಿನ ವಾಸನೆ?"

ವಯಸ್ಸಾದ ಮೇಲೆ ನನ್ನ ಮೂಗು ಮೊದಲಿನಂತಿಲ್ಲ. ತುಂಡನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದೆ. ಜೇನು, ರಾಳ, ಲವಂಗ.

ಇನ್ನೊಮ್ಮೆ ಮೂಸಿದೆ. ಮೊನ್ನೆ ತೆಗೆಯುವಾಗ ಮೇಣವನ್ನು ತಣ್ಣಗೇ ಬ್ಲೇಡಿನಿಂದ ಹೆರೆದಿದ್ದೆ, ತಂತಿಗಳನ್ನು ಕತ್ತರಿಯಿಂದ ಕಡಿದಿದ್ದೆ. ಒಮ್ಮೆ ಬಿಸಿ ತಾಗಿಸಿದ್ದರೂ ಗೊತ್ತಾಗುತ್ತಿತ್ತು.

"ನಿಮ್ಮತ್ತೆ ಇದನ್ನ ಎಲ್ಲಿ ಮಾಡಿಸಿದ್ರು, ಗೊತ್ತಾ?" ಎಂದು ಕೇಳಿದೆ.

"ಯಾರೋ ಒಬ್ರು ರೇಡಿಯೊ ಸಾಹುಕಾರ್ರು ಇದ್ರಂತೆ, ದೋಣಿಯವರ ಮನೆ ಸೆಟ್ಟೆಲ್ಲ ಅವರೇ ಮಾಡ್ಕೊಡ್ತಿದ್ರಂತೆ. ಅರ್ಧ ಬೆರಳು ಇರ್ಲಿಲ್ಲ ಅಂತಿದ್ರು ಅತ್ತೆ."

ಎಡಗೈಯ ತೋರುಬೆರಳು. ಫ್ಯಾನಿನ ರೆಕ್ಕೆಗೆ ಸಿಕ್ಕಿದ್ದು. ಆಗ ನಾನು ಹಾಸ್ಟೆಲಿನಲ್ಲಿದ್ದೆ, ಪುಸ್ತಕ ಓದಿ ವಿದ್ಯಾವಂತಳಾಗುತ್ತಿದ್ದೆ. ಅಪ್ಪ ಇಂಥ ಕೆಲಸ ಮಾಡುತ್ತಿದ್ದದ್ದು ನನಗೆ ತಿಳಿದೇ ಇರಲಿಲ್ಲ.

"ಅರೆಬರೆ ಕಲಿತ ಮೇಸ್ತ್ರಿ ನಮ್ಮಪ್ಪ ಕಣಮ್ಮಾ" ಎಂದೆ.

ಅವಳು ನನ್ನ ಮುಖ ನೋಡಿದಳು. ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದಳು.

ಉಳಿದ ನಾಲ್ಕನ್ನೂ ಕಾಯಿಸಿ ನೋಡಿದೆವು, ಲವಂಗ ಇದ್ದದ್ದು ಒಂದರಲ್ಲೇ. ಕಡಿದ ತಂತಿಗಳು ಮೊಳಕೆಯಷ್ಟು ಮಾತ್ರ ಉಳಿದಿದ್ದವು. ಅವಕ್ಕೆ ಬೇರೆ ತಂತಿ ಜೋಡಿಸಿ, ಕಾಯಿಲಿನ ಎರಡು ಕಾಲಿಗೆ ಬೆಸೆಯಬೇಕು. ಒಂದು ಕಾಲು ಹಿಡಿಯಿತು. ಎರಡನೆಯದು ಹಿಡಿದಂತೆ ಮಾಡಿ ಬಿಟ್ಟುಕೊಂಡಿತು. ಐದೂ ಕಾಲು. ಯಜಮಾನರು ನನ್ನ ಮೊಣಕೈ ಕೆಳಗೆ ಎರಡು ದಿಂಬು ತಂದಿಟ್ಟು ಹಿಂದೆ ಸರಿದರು. ಮೂರನೆಯ ಪ್ರಯತ್ನಕ್ಕೆ ಸೋಲ್ಡರು ಹೊಳೆದು ಕೂತಿತು.

ಕಷ್ಟದ್ದು ಇನ್ನೂ ಬಾಕಿಯಿತ್ತು. ಕಾಯಿಲಿನ ಒಳಗಿನ ತಿರುಪು ಕಬ್ಬಿಣದ ಪುಡಿಯನ್ನು ಒತ್ತಿ ಮಾಡಿದ್ದು, ಬಿಸ್ಕತ್ತಿನಷ್ಟು ಪೆಡಸು. ಬಿರುಕು ಬಿಟ್ಟರೆ ಅಲ್ಲಿಗೆ ಸೆಟ್ಟಿನ ಕಥೆ ಮುಗಿಯಿತು. ಕಬ್ಬಿಣದ ತಿರುಪುಳಿ ಹಾಕುವಂತಿಲ್ಲ. ಮರದ ಹೆಣಿಗೆ ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿ ಮಾಡಿಕೊಂಡಿದ್ದ ನನ್ನ ತಿರುಪುಳಿಯನ್ನು ಅದರ ತಲೆಯ ಸೀಳಿಗೆ ಕೂರಿಸಿ ಎಡಕ್ಕೆ ತಿರುಗಿಸಿದೆ. ಅದು ಅಲುಗಲಿಲ್ಲ. ಮೊನ್ನೆ ನಾನೇ ಬಿಟ್ಟಿದ್ದ ಮೇಣ. ಐರನ್ನನ್ನು ಹತ್ತಿರ ಹಿಡಿದು, ಹತ್ತು ಎಣಿಸಿ, ಮತ್ತೆ ತಿರುಗಿಸಿದೆ. ಸಣ್ಣಗೆ ಕಿರಕ್ ಎಂದಿತು. ಟಾರ್ಚಿನ ಬೆಳಕಿನಲ್ಲಿ ಬಗ್ಗಿ ನೋಡಿದೆ. ಒಡೆದಿರಲಿಲ್ಲ, ಬಿಟ್ಟುಕೊಂಡಿತ್ತು. ಕಾಲು ಸುತ್ತು. ಅರ್ಧ. ಟೈಲರಮ್ಮ ನಿಧಾನಕ್ಕೆ ಎಣಿಸುತ್ತ ಹೋದಳು. "ಒಂದು... ಒಂದೂಕಾಲು... ಒಂದೂವರೆ... ಸಾಕು ಅಮ್ಮಾ, ಒಂದೂಮುಕ್ಕಾಲು."

ಐದೂ ನಲವತ್ತೆಂಟು.

ಸೆಲ್ಲು ಹಾಕಿ ರೇಡಿಯೊ ಹಚ್ಚಿ ಮುಳ್ಳನ್ನು ಎಡಕ್ಕೆ ತಂದೆ. ಗುರ್ ಎನ್ನುವ ಒಂದೇ ಶಬ್ದ, ಉದ್ದಕ್ಕೂ. ಯಜಮಾನರು ನನ್ನತ್ತ ನೋಡಿದರು.

"ಇದು ಸೆಟ್ಟಿಂದಲ್ಲ" ಎಂದೆ. "ಬನ್ನಣ್ಣನ ಜನರೇಟರು. ಅದು ನಿಲ್ಲೋವರೆಗೂ ಏನೂ ಕೇಳಲ್ಲ."

ಅವರು ಕಿಟಕಿಯಿಂದ ಬಗ್ಗಿದರು. "ಬನ್ನಣ್ಣಾ, ಅರ್ಧ ಗಂಟೆ ಜನರೇಟರ್ ನಿಲ್ಲಿಸ್ತೀಯೇನಪ್ಪಾ?"

"ತಮಾಷೆ ಮಾಡ್ಬೇಡಿ ಸಾರ್, ಓವನ್ನಲ್ಲಿ ಎಂಬತ್ತು ಬ್ರೆಡ್ಡು ಕೂತಿದೆ! ಈಗ ನಿಲ್ಲಿಸಿದ್ರೆ ಇಟ್ಟಿಗೆ ಆಗುತ್ತೆ!"

"ದೋಣಿ ಹಾಜರಿ ಕೇಳ್ಬೇಕು ಕಣೋ. ಜನರೇಟರ್ ಗಲಾಟೇಲಿ ಕೇಳ್ತಿಲ್ಲ."

"ದೋಣೀಲಿ ಯಾರಿದ್ದಾರೆ?"

"ಟೈಲರಮ್ಮನ ಯಜಮಾನ್ರು."

ಜನರೇಟರು ಎರಡು ಸಲ ಕೆಮ್ಮಿ ನಿಂತಿತು.

ಬೀದಿ ಒಮ್ಮೆಲೇ ಖಾಲಿಯಾದಂತಾಯಿತು. ರೇಡಿಯೊದಲ್ಲಿ ಈಗ ಸೊಯ್ ಎನ್ನುವ ಸಣ್ಣ ದನಿ ಮಾತ್ರ. ಟೈಲರಮ್ಮ ಗಾಜಿನ ಎಡ ಅಂಚಿಗೆ ಬೆರಳುಗಳನ್ನು ಒತ್ತಿಟ್ಟಳು. "ಚುಕ್ಕೆ ಇದ್ದದ್ದು ಅಂಚಿಂದ ಎರಡು ಬೆರಳು, ಅದರ ಮೇಲೆ ಒಂದು ಕಾಜಾ." ಕಾಜಾ ಎಂದರೆ ಅಂಗಿಯ ಗುಂಡಿ ತೂರುವ ತೂತು, ಅವಳ ಅಳತೆ ಅದು. ಮುಳ್ಳನ್ನು ಅಲ್ಲಿಗೆ ತಂದೆ. ಏನಿಲ್ಲ. ಕೂದಲೆಳೆಯಷ್ಟು ಬಲಕ್ಕೆ. ಏನಿಲ್ಲ.

"ನೀನೇ ತಿರುಗಿಸಮ್ಮಾ" ಎಂದೆ. "ನಿನ್ನ ಕೈಗೆ ಗೊತ್ತಿರುತ್ತೆ."

ಅವಳು ಕಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುವವಳ ಹಾಗೆ ಗುಂಡಿಯನ್ನು ಎರಡು ಬೆರಳ ತುದಿಯಲ್ಲಿ ಹಿಡಿದಳು. ಸೊಯ್ ಎನ್ನುವ ದನಿ ಒಂದು ಕಡೆ ತಗ್ಗಿತು, ಬಾವಿಯ ಬಾಯಿಗೆ ಕಿವಿ ಕೊಟ್ಟಂತೆ ಒಂದು ಮೌನ ತೆರೆದುಕೊಂಡಿತು. ಅಲ್ಲೇ ನಿಲ್ಲಿಸಿದಳು. ಚೀಲದಿಂದ ಹೊಲಿಗೆಯ ಕೆಂಪು ಸುಣ್ಣದ ಬಿಲ್ಲೆ ತೆಗೆದು ಗಾಜಿನ ಮೇಲೆ ಒಂದು ಗೀಟು ಎಳೆದಳು.

ಆರು ಹೊಡೆಯಿತು. ಆರೂ ಒಂದು. ಆರೂ ಎರಡು.

"...ಎಲ್ಲಾ ದೋಣಿಗೂ ಬಂದರಿಂದ. ಹಾಜರಿ. ನಾಲ್ಕು?"

"ನಾಲ್ಕು, ಕ್ಷೇಮ."

ಟೈಲರಮ್ಮ ನನ್ನ ಮಣಿಕಟ್ಟು ಹಿಡಿದಳು. ಒಂಬತ್ತು ಕ್ಷೇಮ. ಹದಿನೈದು ಕ್ಷೇಮ, ಮಂಜುಗಡ್ಡೆ ಮುಗಿದಿದೆ. ಹತ್ತೊಂಬತ್ತು ಕ್ಷೇಮ. ಇಪ್ಪತ್ತೆರಡು, ನೆಂದು ತೊಪ್ಪೆ, ಆದರೆ ಕ್ಷೇಮ. ಯಾರೋ ನಕ್ಕರು.

"ಇಪ್ಪತ್ತಾರು?"

ಸೊಯ್.

"ಇಪ್ಪತ್ತಾರು, ಬಂದರಿಂದ. ಕೇಳ್ತಿದೆಯಾ?"

ಅವಳ ಉಗುರು ನನ್ನ ಚರ್ಮಕ್ಕೆ ಇಳಿಯಿತು. ಆಪರೇಟರು ಸ್ವಲ್ಪ ಹೊತ್ತು ಬಿಟ್ಟ. ಆಮೇಲೆ ಅದೇ ದನಿಯಲ್ಲಿ, "ಇಪ್ಪತ್ತೇಳು?" ಎಂದ.

"ಇಪ್ಪತ್ತೇಳು, ಕ್ಷೇಮ."

ಅವಳು ನನ್ನ ಕೈ ಬಿಟ್ಟು ಚೀಲವನ್ನು ಹೆಗಲಿಗೇರಿಸಿದಳು. ನಾನು ಬೇಡ ಎನ್ನುವಂತಿರಲಿಲ್ಲ. ಯಜಮಾನರು ತಮ್ಮ ಕೊಡೆಯನ್ನೂ ಟಾರ್ಚನ್ನೂ ಬಾಗಿಲ ಬಳಿ ತಂದು, ತಾವೂ ಚಪ್ಪಲಿ ಮೆಟ್ಟಿದರು. "ಒಬ್ಬಳೇ ಹೋಗ್ಬೇಡಮ್ಮಾ" ಎಂದರು. ಎಪ್ಪತ್ತೊಂಬತ್ತರ ಮುದುಕ.

"ಮೂವತ್ತಮೂರು?"

"ಮೂವತ್ತಮೂರು, ಕ್ಷೇಮ. ಬಂದರು, ಇನ್ನೊಂದು ಮಾತು. ಇಪ್ಪತ್ತಾರನ್ನ ನಾವು ಹಗ್ಗ ಕಟ್ಟಿ ಎಳ್ಕೊಂಡು ಬರ್ತಿದ್ದೀವಿ. ಅವರ ಬ್ಯಾಟ್ರಿಗೆ ನೀರು ಹೋಗಿದೆ, ಮಾತಾಡೋಕೆ ಆಗಲ್ಲ. ಏಳೂ ಜನ ಇದ್ದಾರೆ."

ಟೈಲರಮ್ಮ ಹೊಸ್ತಿಲ ಮೇಲೆ ನಿಂತಿದ್ದಳು.

"ಡ್ರೈವರನ್ನ ನಮ್ಮ ದೋಣಿಗೆ ಹತ್ತಿಸ್ಕೊಂಡಿದ್ದೀವಿ, ಕೈಗೆ ಸ್ವಲ್ಪ ಪೆಟ್ಟಾಗಿದೆ. ಪಕ್ಕದಲ್ಲೇ ಕೂತಿದ್ದಾನೆ. ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡೋದು ಮರೀಬೇಡ ಅಂತ ಹೇಳ್ಬೇಕಂತೆ."

"ಮೂವತ್ತಮೂರು, ವೈರ್‌ಲೆಸ್ಸಲ್ಲಿ ಸಂಸಾರದ ಮಾತು ಬೇಡ" ಎಂದ ಆಪರೇಟರು. ಒಂದು ಕ್ಷಣ ಬಿಟ್ಟು, "ಕೇಳಿಸ್ಕೊಂಡಿರ್ತಾರೆ ಬಿಡು" ಎಂದ.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಧಾನಕ್ಕೆ ಕೆಳಗೆ ಕೂತಳು. "ಎಣ್ಣೆಯಂತೆ" ಎಂದಳು. "ಮೊನ್ನೇನೇ ಬಿಟ್ಟಿದ್ದೀನಿ, ದಂಡಪಿಂಡಕ್ಕೆ ಹೇಳಿ ಯಾರಾದ್ರೂ."

ಯಜಮಾನರು ಕಿಟಕಿಗೆ ಹೋಗಿ ಸುದ್ದಿಯನ್ನು ಕೂಗಿ ಹೇಳಿದರು. ಕೆಳಗಿನಿಂದ ಬನ್ನಣ್ಣನ ಸಿಳ್ಳೆ, ಅದರ ಹಿಂದೆಯೇ ಜನರೇಟರಿನ ಗುಡುಗು. ರೇಡಿಯೊ ಮತ್ತೆ ಗುರ್ ಎಂದಿತು. ಆರಿಸಿದೆ.

ಆ ಕೆಂಪು ಸುಣ್ಣದ ಗೀಟು ಉಳಿಯುವಂಥದ್ದಲ್ಲ, ಪಾಲಿಶ್ ತರಿಸಬೇಕು ಎಂದುಕೊಂಡೆ. ಅದಕ್ಕೂ ಮುಂಚೆ ತಿರುಪಿಗೆ ಮೇಣ ಬಿಡಬೇಕು. ಅಡುಗೆಮನೆಯಲ್ಲಿ ಲವಂಗದೆಣ್ಣೆ ಇದೆಯೇ ನೋಡಬೇಕು. ನೋಟ್‌ಬುಕ್ಕು ಅದೇ ಪುಟಕ್ಕೆ ತೆರೆದುಕೊಂಡು ಬಿದ್ದಿತ್ತು. ಆ ಅರೆಬರೆ ಮೇಸ್ತ್ರಿಯ ಸಾಲನ್ನು ಹೊಡೆದುಹಾಕೋಣವೆಂದು ಪೆನ್ನು ಎತ್ತಿಕೊಂಡರೆ ಬೆರಳುಗಳು ಹಿಡಿಯಲೊಲ್ಲವು. ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ ಎನ್ನುವುದು ಆಗ ನೆನಪಾಯಿತು.

ಬೀದಿಯಲ್ಲಿ ಆರೂವರೆಯ ಬಸ್ಸು ಹಾರನ್ ಹಾಕಿ, ನಿಂತು, ಹೊರಟುಹೋಯಿತು.

ಟೈಲರಮ್ಮ ಎದ್ದಳು. ಚೀಲ ಬಿಚ್ಚಿ, ರಾತ್ರಿ ಬಂದರಿನಲ್ಲಿ ಕೂರಬೇಕಾದೀತೆಂದು ಕಟ್ಟಿಕೊಂಡು ಬಂದಿದ್ದ ಡಬ್ಬಿ ತೆಗೆದಳು. ಅನ್ನ, ಹುರಿದ ಆಲೂಗಡ್ಡೆ, ಒಂದು ಬೇಯಿಸಿದ ಮೊಟ್ಟೆ. ನನ್ನ ಕೈಯಿಂದ ಪೆನ್ನು ತೆಗೆದು ಪಕ್ಕಕ್ಕಿಟ್ಟಳು, ಚಮಚವನ್ನು ಸೆರಗಿನಲ್ಲಿ ಒರೆಸಿದಳು, ಡಬ್ಬಿಯನ್ನು ನನ್ನ ಎರಡೂ ಅಂಗೈಯಲ್ಲಿಟ್ಟು, ಬೀಳದ ಹಾಗೆ ಕೆಳಗಿನಿಂದ ತಾನೂ ಹಿಡಿದುಕೊಂಡಳು.